ಸಾಲವೂ ಋಣವೂ

ಸಾಲವೆಂದರೆ ಏನೆಂಬದನ್ನು ನಮ್ಮ ಹಳ್ಳಿಯ ವಾಚಕರಿಗೆ ಕಲಿಸಬೇಕಾದ ಅಗತ್ಯವಿಲ್ಲ. ಅದರ ಭಾರವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರಿದ್ದಾರೆ. ಆದರೆ ಹೋದ ಸುಗ್ಗಿಯ ಕಾಲದಲ್ಲಿ ನಾವು ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬ ಯೌವನಸ್ಥನು ನಮ್ಮನ್ನು ಹೀಗೆ ಕೇಳಿದನು: ಐಶ್ವರ್ಯವಂತನಾಗಿರುವದು ತಪ್ಪೋ? ಸಾಲ ಮಾಡುವದು ತಪ್ಪೋ? ಸೊತ್ತು ಒಬ್ಬೊಬ್ಬರದಾಗಿರದೆ ಎಲ್ಲರದಾಗಿರಬೇಕೆಂದು ಹೇಳುವ ಸಮಾಜವಾದಿಗಳ ಮಾತು ಸರಿಯೋ? ನಾವು ಮೂರು ಪ್ರಶ್ನೆಗಳಿಗೂ ಕೂಡಲೆ ಉತ್ತರ ಕೊಟ್ಟೆವು. ಬಳಿಕ ಮನೆಯ ಕಡೆಗೆ ನಡೆದು ಬರುವಾಗ, ಇಷ್ಟು ದೊಡ್ಡ ಪ್ರಶ್ನೆಗಳಿಗೆ ಇಷ್ಟು ಬೇಗ ಉತ್ತರವು ನಮಗೆ ಎಲ್ಲಿಂದ ಬಂತೆಂದು ಯೋಚಿಸತೊಡಗಿದೆವು. ಅದು ಓದಿದ ಪುಸ್ತಕಗಳಿಂದ ಬಂದದ್ದಲ್ಲ, ಪ್ರಸಂಗ ಕೇಳಿ ಬಂದದ್ದೂ ಅಲ್ಲ. ನಮ್ಮ ಏಳನೆಯ ವಯಸ್ಸಿನಲ್ಲಿ ಸತ್ತುಹೋದ ಒಂದು ಎತ್ತಿನಿಂದ ಅದು ಬಂದಿತ್ತು.

ನಮ್ಮ ತಂದೆಯವರಿಗೆ ಗದಗಿನ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಎರೆಭೂಮಿ ಇತ್ತು. ಒಂದು ಜೋಡಿ ಎತ್ತು, ಒಂದು ಎಮ್ಮೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಇಷ್ಟೇ ಮನೆತನದ ಸಂಪತ್ತು. 1957ನೇ ವರ್ಷದಲ್ಲಿ ಹಿಂಗಾರಿ ಬಿತ್ತಿಗೆಗೆ ಹದಿನೈದು ದಿನಗಳಿರುವಾಗ ಒಂದು ಎತ್ತು ಗಂಟಲು ಬೇನೆಯಿಂದ ಸತ್ತಿತು. ಎರೆಭೂಮಿಯನ್ನು ಬಲ್ಲವರಿಗೆ ಇದರ ಅರ್ಥ ತಿಳಿಯುವದು. ಒಂಟಿ ಎತ್ತಿನಿಂದ ಕೂರಿಗೆ ನಡೆಯದು. ಹದ ತಪ್ಪಿದರೆ ವರ್ಷವೇ ತಪ್ಪಿಹೋಗುವದು. ತಂದೆಯವರು ಊರ ಸಾವಕಾರನ ಬಳಿಗೆ ಹೋಗಿ 300 ರೂಪಾಯಿ ಕೇಳಿದರು. ಬಡ್ಡಿಯು ತಿಂಗಳಿಗೆ ನೂರಕ್ಕೆ 2 ರೂಪಾಯಿ. ಮೊದಲನೆಯ ತಿಂಗಳಿನ ಬಡ್ಡಿ 6 ರೂಪಾಯಿಯನ್ನು ಅವನು ಅಲ್ಲೇ ಮುರಿದುಕೊಂಡು 294 ರೂಪಾಯಿ ಎಣಿಸಿ ಕೊಟ್ಟನು. ಕಾಗದದಲ್ಲಿ ಮಾತ್ರ 300 ಎಂದು ಬರೆಯಲಾಯಿತು. ತಂದೆಯವರು ಓದುಬರಹ ಬಲ್ಲವರಾಗಿದ್ದರು. ಆದಾಗ್ಯೂ ಸಹಿ ಬೇಡ, ಹೆಬ್ಬೆಟ್ಟು ಬೇಕೆಂದು ಸಾವಕಾರನು ಹೇಳಿದನು. ಸಹಿಯನ್ನು ತನ್ನದಲ್ಲವೆಂದು ಹೇಳಬಹುದು, ಹೆಬ್ಬೆಟ್ಟನ್ನು ಹಾಗೆ ಹೇಳಲಾಗದಷ್ಟೆ. ಆ ಸಂಜೆ ತಂದೆಯವರು ಬೆರಳಿನ ಮಸಿಯನ್ನು ಬೂದಿ ಹಾಕಿ ತಿಕ್ಕುತ್ತಾ ಬಹಳ ಹೊತ್ತು ಬಾವಿಯ ಬಳಿಯಲ್ಲಿ ನಿಂತಿದ್ದದ್ದು ನಮಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈ ಸಾವಕಾರನು ದುಷ್ಟನಾಗಿದ್ದನೆಂದು ವಾಚಕರು ತಿಳಿಯಬಾರದು. ಅವನು ಹೇಳಿದ ಬಡ್ಡಿಯು ಆ ಸೀಮೆಯಲ್ಲೆಲ್ಲಾ ನಡೆಯುತ್ತಿದ್ದ ಬಡ್ಡಿಯೇ. ಅವನು ನಮ್ಮ ಬಾಗಿಲಿಗೆ ಬಂದು ಕೂಗಾಡಲಿಲ್ಲ, ನಮ್ಮ ತಂದೆಯವರನ್ನು ಬೈಯಲಿಲ್ಲ. ವರ್ಷಕ್ಕೆ 72 ರೂಪಾಯಿಯ ಬಡ್ಡಿಯನ್ನು ಹತ್ತಿಯಾಗಿ ತಕ್ಕೊಳ್ಳುತ್ತಿದ್ದನು. ಸುಗ್ಗಿಯಲ್ಲಿ ಹತ್ತಿಯ ಧಾರಣೆ ಇಳಿದಿರುವ ದಿನವನ್ನು ನೋಡಿ, ತನ್ನ ತಕ್ಕಡಿಯಲ್ಲಿಯೇ ತೂಗಿಸಿಕೊಳ್ಳುತ್ತಿದ್ದನು. ಇದೂ ಆ ಕಾಲದ ವಾಡಿಕೆಯೇ. ಮೂರು ವರ್ಷಗಳಲ್ಲಿ 216 ರೂಪಾಯಿ ಸಂದಾಯವಾಯಿತು. ಅಸಲು 300 ಹಾಗೇ ಇತ್ತು. 1960ರಲ್ಲಿ ಮಳೆ ಹೋಯಿತು. ಹತ್ತಿ ಬರಲಿಲ್ಲ, ಜೋಳವೂ ತೆನೆಗಟ್ಟಲಿಲ್ಲ. ಆಗ ನಮ್ಮ ಅಣ್ಣನಿಗೆ ಹದಿನಾಲ್ಕು ವರ್ಷ. ಓದಿನಲ್ಲಿ ಅವನು ನಮಗಿಂತ ಬಹಳ ಚುರುಕಾಗಿದ್ದನು. ನಾವು ಬೆರಳೆಣಿಸಿ ಮಾಡುವ ಲೆಕ್ಕವನ್ನು ಅವನು ಬಾಯಲ್ಲಿಯೇ ಹೇಳುತ್ತಿದ್ದನು. ಅವನನ್ನು ಶಾಲೆಯಿಂದ ಬಿಡಿಸಿ ಸಾವಕಾರನ ದನದ ಕೊಟ್ಟಿಗೆಯ ಕೆಲಸಕ್ಕೆ ಜೀತಕ್ಕಿಟ್ಟರು. ಅವನ ಒಂದು ವರ್ಷದ ದುಡಿಮೆಗೆ ಹೊಟ್ಟೆಗೆ ಅನ್ನ, ಮೈಗೆ ಒಂದು ಅಂಗಿ, ಮತ್ತು 72 ರೂಪಾಯಿ ಎಂದು ಕಟ್ಟಲಾಯಿತು. ಅಂದರೆ ಒಬ್ಬ ಹುಡುಗನ ಒಂದು ವರ್ಷವೂ ಒಂದು ವರ್ಷದ ಬಡ್ಡಿಯೂ ಸರಿಗೆ ಸರಿ ಹೋದವು. ಹೀಗೆ ಎರಡು ವರ್ಷ ಕಳೆದವು. ನಾವು ಮಾತ್ರ ಶಾಲೆಗೆ ಹೋಗುತ್ತಾ ಇದ್ದೆವು. 1963ರಲ್ಲಿ ಹತ್ತಿಯು ಚೆನ್ನಾಗಿ ಬಂತು. ಅವ್ವನು ಎಮ್ಮೆಯನ್ನು ಮಾರಿದಳು. ಅಸಲು ತೀರಿತು, ಕಾಗದ ಹರಿಯಿತು. ಅಣ್ಣನು ತಿರಿಗಿ ಶಾಲೆಗೆ ಹೋಗಲಿಲ್ಲ. ಆಗ ಅವನಿಗೆ ಮೀಸೆ ಮೂಡುತ್ತಿತ್ತು. ಚಿಕ್ಕ ಹುಡುಗರ ಸಂಗಡ ಕೂತುಕೊಳ್ಳಲಾರೆನೆಂದನು.

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆಯು ಒಂದು ದಿನವೂ ತಪ್ಪಲಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ಸಾಲದ ಮಾತು ಬರುವ ಸ್ಥಳದಲ್ಲಿ ಅವ್ವನ ಧ್ವನಿಯು ತಗ್ಗುತ್ತಿತ್ತು. ಆ ಮಾತು ನಮ್ಮ ಊರ ಸಾವಕಾರನ ವಿಷಯವಾದದ್ದೆಂದೇ ನಾವು ನಂಬಿದ್ದೆವು. ದೊಡ್ಡವರಾದ ಮೇಲೆ, ಅದು ಪಾಪಗಳ ವಿಷಯವೆಂದು ಉಪದೇಶಿಗಳು ತಿಳಿಸಿದರು. ಇನ್ನೂ ಕೆಲವು ವರ್ಷಗಳ ಮೇಲೆ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಸ್ಥಳದಲ್ಲಿರುವ ಶಬ್ದಕ್ಕೆ ಸಾಲವೆಂಬದೇ ಅರ್ಥವೆಂದೂ, ಲೂಕನು ಅದೇ ಸ್ಥಳದಲ್ಲಿ ಪಾಪಗಳೆಂಬ ಶಬ್ದವನ್ನು ಇಟ್ಟಿದ್ದಾನೆಂದೂ ಓದಿ ತಿಳುಕೊಂಡೆವು. ಹೀಗಿರಲಾಗಿ ಹುಡುಗನ ತಪ್ಪು ಪೂರಾ ತಪ್ಪಾಗಿರಲಿಲ್ಲ. ಆದರೆ ಆ ಬೇಡಿಕೆಗೆ ಇನ್ನೊಂದು ಅರ್ಧವಿದೆಯಲ್ಲಾ? ನಮಗೆ ಸಾಲ ಕೊಡಬೇಕಾದವರನ್ನು ನಾವು ಬಿಡುವ ವಿಷಯವು ಅದರಲ್ಲಿದೆ. ನಮಗೆ ಯಾರೂ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಆದದರಿಂದ ಆ ಅರ್ಧವು ಸಾವಕಾರನ ಪಾಲಿನದು, ನಮ್ಮದಲ್ಲ, ಎಂದು ತಿಳಿದು ಅದನ್ನು ನಿಶ್ಚಿಂತೆಯಿಂದ ಹೇಳುತ್ತಿದ್ದೆವು.

ಒಂದೇ ಮನೆಯಲ್ಲಿ, ಒಂದೇ ಸಾಲದ ಕೆಳಗೆ ಬೆಳೆದ ನಾವಿಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಮನಸ್ಸುಳ್ಳವರಾದೆವು. ಇದನ್ನು ವಾಚಕರು ಸ್ವಲ್ಪ ಗಮನಿಸಬೇಕು. ಯಾಕಂದರೆ, ಬಡತನದಲ್ಲಿ ಬೆಳೆದವನು ಹೀಗೆಯೇ ಆಗುವನೆಂದು ಹೇಳುವವರ ಮಾತನ್ನು ನಾವು ನಂಬುವದಿಲ್ಲ. ನಮ್ಮ ಮನಸ್ಸಿನಲ್ಲಿ ನೆಟ್ಟದ್ದು ಭಯವೇ. ಅವ್ವನು ದೀಪದ ಮುಂದೆ ಕೂತು ಚಿಲ್ಲರೆಯನ್ನು ಮೂರು ಮೂರು ಸಾರಿ ಎಣಿಸುವದನ್ನು ನೋಡಿ, ನಾವು ಯಾವ ಕಾಲಕ್ಕೂ ಸಾಲ ಮಾಡಬಾರದು ಎಂದು ನಿಶ್ಚಯಿಸಿದೆವು. ಅಂಗಡಿಯಲ್ಲಿ ಒಂದು ಬೆಂಕಿಪೆಟ್ಟಿಗೆಯನ್ನೂ ಉದ್ರಿ ತರಲಿಲ್ಲ. ಶಾಲೆಯಲ್ಲಿ ಉಪಾಧ್ಯಾಯರಾದ ಮೇಲೆ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಉಳಿಸಿದೆವು. ಸಾಲಗಾರನನ್ನು ಕಂಡರೆ, ಇವನು ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆವು. ನಮ್ಮ ತಂದೆಯವರ ಹಾಸಿಗೆಯು ಎಷ್ಟು ಗಿಡ್ಡಾಗಿತ್ತೆಂಬದು ಆಗ ನೆನಪಿಗೆ ಬರುತ್ತಿರಲಿಲ್ಲ.

ಅಣ್ಣನು ಎರಡು ವರ್ಷ ಸಾವಕಾರನ ಮನೆಯ ಒಳಗಿದ್ದವನು. ನಾವು ನೋಡದ್ದನ್ನು ಅವನು ನೋಡಿದನು. ಸಾವಕಾರನು ಬೀಗದ ಕೈಯನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದನಂತೆ. ನಡುರಾತ್ರಿಯಲ್ಲಿ ಎದ್ದು, ಅಗಳಿ ಹಾಕಿದ್ದೀಯೇನೋ ಎಂದು ಇವನನ್ನು ಕೂಗಿ ಕೇಳುತ್ತಿದ್ದನಂತೆ. ಅಮಾವಾಸ್ಯೆಗೊಮ್ಮೆ ಹುಬ್ಬಳ್ಳಿಯಿಂದ ಒಬ್ಬ ಹತ್ತಿಯ ವ್ಯಾಪಾರಿಯ ಗುಮಾಸ್ತನು ಬಂದರೆ ಸಾವಕಾರನು ತಾನೇ ಎದ್ದು ನಿಂತು ನೀರು ಕೊಡುತ್ತಿದ್ದನಂತೆ. ಯಾಕಂದರೆ ಊರಿಗೆ ಸಾಲ ಕೊಡುವ ಆ ಹಣವನ್ನು ಅವನೂ ಆ ವ್ಯಾಪಾರಿಯಿಂದ ನೂರಕ್ಕೆ 1 ರೂಪಾಯಿಯ ಬಡ್ಡಿಗೆ ತಂದಿದ್ದನು. ಅಣ್ಣನಿಗೆ ಸಾವಕಾರನ ಮೇಲೆ ಸಿಟ್ಟು ಬರಲಿಲ್ಲ. ಅವನ ಹೆಂಡತಿಯು ಹಬ್ಬದಲ್ಲಿ ತನಗೆ ತುಪ್ಪ ಬಡಿಸಿದ್ದನ್ನು ಅಣ್ಣನು ಈಗಲೂ ಹೇಳುತ್ತಾನೆ. ಒಬ್ಬೊಬ್ಬರೂ ಒಳ್ಳೆಯವರೇ, ಅವರು ಸಿಕ್ಕಿಕೊಂಡಿರುವ ಏರ್ಪಾಡು ಒಳ್ಳೆಯದಲ್ಲ ಎಂಬದೇ ಅವನು ಆ ಕೊಟ್ಟಿಗೆಯಿಂದ ತಂದ ಪಾಠವು. ಬಳಿಕ ಅವನು ಹುಬ್ಬಳ್ಳಿಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕಾರ್ಮಿಕ ಸಂಘದವನಾಗಿ, ಸಮಾಜವಾದಿಯಾದನು.

1974ರಲ್ಲಿ ಆ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಅಣ್ಣನ ಕೆಲಸ ಹೋಯಿತು. ಮನೆಯಲ್ಲಿ ಹೆಂಡತಿಯೂ ಕೈಗೂಸೂ ಇದ್ದರು. ಮೂರು ತಿಂಗಳಾದ ಮೇಲೆ ಅವನು ಊರಿಗೆ ಬಂದು ನಮ್ಮ ಬಳಿಯಲ್ಲಿ ಕೈಗಡ ಕೇಳಿದನು. ನಮಗೆ ನೆನಪಿದ್ದ ಪ್ರಕಾರ 600 ರೂಪಾಯಿ. ನಾವು ಕೊಟ್ಟೆವು. ಕೊಡುವದಕ್ಕಿಂತ ಮುಂಚೆ ಒಂದು ಹಾಳೆಯ ಮೇಲೆ ಮೊತ್ತವನ್ನೂ ತಾರೀಖನ್ನೂ ಬರೆದು ಅವನ ಮುಂದೆ ಇಟ್ಟೆವು. ಅಣ್ಣತಮ್ಮಂದಿರೊಳಗೆ ಲೆಕ್ಕವು ಸ್ವಚ್ಛವಾಗಿದ್ದರೆ ಪ್ರೀತಿಯು ಉಳಿಯುವದು ಎಂದು ಒಂದು ಮಾತನ್ನೂ ಹೇಳಿದೆವು. ಅವನು ಹಾಳೆಯನ್ನು ನೋಡಿದನು. ನಮ್ಮನ್ನೂ ನೋಡಿದನು. ಏನೂ ಹೇಳದೆ ಸಹಿ ಮಾಡಿದನು. ನಾವು ಓದಿದ ಶಾಲೆಯ ಎರಡು ವರ್ಷಗಳನ್ನು ಯಾರ ಮೈಬೆವರು ಕೊಂಡುಕೊಟ್ಟಿತ್ತು ಎಂಬದು ಆ ಕ್ಷಣದಲ್ಲಿ ನಮಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿದ್ದರೂ ಹೇಳಲಿಲ್ಲ.

ಕನ್ನಡದಲ್ಲಿ ಸಾಲ, ಋಣ ಎಂಬ ಎರಡು ಶಬ್ದಗಳಿವೆ. ಕಚೇರಿಯ ಕಾಗದದಲ್ಲಿ ಎರಡಕ್ಕೂ ಒಂದೇ ಅರ್ಥ. ಆದರೆ ಮನೆಯ ಮಾತಿನಲ್ಲಿ ಹಾಗಲ್ಲ. ಸಾಲವು ತೀರುವಂಥಾದ್ದು. ಹೆತ್ತವರ ಋಣ, ಅನ್ನದ ಋಣ, ಊರ ನೀರಿನ ಋಣ ಎಂದು ಹೇಳುವಾಗ ಇದನ್ನು ಯಾರು ತೀರಿಸಲಿಕ್ಕಾಗುವದು ಎಂಬ ಅರ್ಥದಲ್ಲಿಯೇ ಹೇಳುತ್ತೇವೆ. ಯಾರಾದರೂ ಸತ್ತರೆ ಮಾತ್ರ ಋಣ ಹರಿಯಿತು ಅನ್ನುತ್ತೇವೆ. ನಾವು ಒಂದು ಕಾಸೂ ಸಾಲವಿಲ್ಲದವರೆಂದು ಹೆಮ್ಮೆಪಟ್ಟುಕೊಂಡು ನಡೆದೆವು. ಆ ಮಾತು ನಿಜವೂ ಆಗಿತ್ತು. ಋಣದ ವಹಿಯನ್ನು ಮಾತ್ರ ತೆರೆದು ನೋಡಿರಲಿಲ್ಲ. ಈಗ ನಮಗೆ ತೋಚುವದೇನಂದರೆ, ಸಂಪತ್ತಿನ ವಿಷಯವಾಗಿ ಜನರು ಮಾಡುವ ದೊಡ್ಡ ತಪ್ಪುಗಳಲ್ಲಿ ಇದೂ ಒಂದು: ಋಣವನ್ನು ಸಾಲದ ಹಾಗೆ ಲೆಕ್ಕ ಹಾಕುವದು, ಇಲ್ಲವೆ ಸಾಲವನ್ನು ಋಣವೆಂದು ಹೇಳಿ ಬಡವನ ಕೊರಳಿಗೆ ಕಟ್ಟುವದು. ಜೀತವು ಹೀಗೆಯೇ ನಡೆಯಿತು. ನಿನ್ನ ಅಪ್ಪನು ನಮ್ಮ ಉಪ್ಪು ತಿಂದಿದ್ದಾನೆ ಎಂಬ ಒಂದೇ ಮಾತಿಗಾಗಿ ಮಗನೂ ಮೊಮ್ಮಗನೂ ದುಡಿದರು. ಭಾರತ ಸರಕಾರವು 1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆಯಿಂದ ಜೀತಪದ್ಧತಿಯನ್ನು ನಿಲ್ಲಿಸಿ, 1976ರಲ್ಲಿ ಅದನ್ನು ಕಾಯಿದೆ ಮಾಡಿತು. ಅಣ್ಣನು ಆ ಸುದ್ದಿಯನ್ನು ಓದಿ, ಹದಿಮೂರು ವರ್ಷ ತಡವಾಯಿತು ಅಂದನು, ಅಷ್ಟೇ.

ಸಾಲವನ್ನು ಬಿಟ್ಟುಬಿಡುವದು ನ್ಯಾಯವೋ ಎಂಬ ಪ್ರಶ್ನೆಯು ಹೊಸದಲ್ಲ. ಏಳು ವರ್ಷಗಳಿಗೊಮ್ಮೆ ಸಾಲವನ್ನು ಬಿಡಬೇಕೆಂದೂ, ಐವತ್ತನೆಯ ವರ್ಷದಲ್ಲಿ ಮಾರಿಹೋದ ಹೊಲವು ಅದರ ಮನೆತನಕ್ಕೆ ತಿರಿಗಿ ಸೇರಬೇಕೆಂದೂ ಮೋಶೆಯ ಧರ್ಮಶಾಸ್ತ್ರದಲ್ಲಿ ಇರುವದನ್ನು ನಮ್ಮ ಸಭೆಗಳವರು ಬಲ್ಲರು. ಏಳನೆಯ ವರ್ಷ ಹತ್ತಿರ ಬಂತೆಂದು ಬಡವನಿಗೆ ಕೈ ಬಿಗಿಹಿಡಿಯಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಮನುಷ್ಯನ ಹೃದಯವನ್ನು ಬಲ್ಲವರೇ ಅದನ್ನು ಬರೆದರು, ಯಾಕಂದರೆ ಮುಂದೆ ಹಾಗೆಯೇ ಆಯಿತು. ಕ್ರಿಸ್ತನಿಗಿಂತ ಸ್ವಲ್ಪ ಮುಂಚೆ ಯೆರೂಸಲೇಮಿನಲ್ಲಿದ್ದ ಹಿಲ್ಲೇಲನೆಂಬ ಶಾಸ್ತ್ರಿಯ ಕಾಲದಲ್ಲಿ, ಏಳನೆಯ ವರ್ಷದಲ್ಲಿ ಸಾಲ ಮುಳುಗುವದೆಂಬ ಭಯದಿಂದ ಹಣವಂತರು ಬಡವರಿಗೆ ಸಾಲ ಕೊಡುವದನ್ನೇ ಬಿಟ್ಟರು. ಆದದರಿಂದ ಸಾಲದ ಕಾಗದವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿಕೊಟ್ಟರೆ ಏಳನೆಯ ವರ್ಷದ ಮೇಲೆಯೂ ಅದನ್ನು ವಸೂಲು ಮಾಡಬಹುದೆಂದು ಅವನು ಒಂದು ಮಾರ್ಗವನ್ನು ಏರ್ಪಡಿಸಬೇಕಾಯಿತು. ಬಡವರ ರಕ್ಷಣೆಗಾಗಿ ಇದ್ದ ಆಜ್ಞೆಯನ್ನು, ಬಡವರ ರಕ್ಷಣೆಗಾಗಿಯೇ ಸಡಿಲಿಸಬೇಕಾಯಿತು!

ಇಂಥಾದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 1976ರ ಕರ್ನಾಟಕ ಋಣ ಪರಿಹಾರ ಕಾಯಿದೆಯಿಂದ ಸಣ್ಣ ಹಿಡುವಳಿದಾರರ, ಭೂಮಿಯಿಲ್ಲದ ಕೂಲಿಗಳ ಮತ್ತು ಇತರ ದುರ್ಬಲರ ಖಾಸಗಿ ಸಾಲಗಳು ರದ್ದಾದವು. ಒತ್ತೆ ಇಟ್ಟ ಒಡವೆ ಪಾತ್ರೆಗಳನ್ನು ತಿರಿಗಿ ಕೊಡಬೇಕೆಂದು ಅಪ್ಪಣೆಯಾಯಿತು. ನಮ್ಮ ಊರಲ್ಲಿ ಹೆಂಗಸರು ತಾಮ್ರದ ಕೊಡಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮೆರವಣಿಗೆಯಂತೆ ಮನೆಗೆ ಬಂದರು. ಆ ಸಂತೋಷವು ಸುಳ್ಳಲ್ಲ. ಮರುವರ್ಷ ಬಿತ್ತಿಗೆಯ ಕಾಲಕ್ಕೆ ಅದೇ ಹೆಂಗಸರಲ್ಲಿ ಕೆಲವರು ಅದೇ ಕೊಡಗಳನ್ನು ಕತ್ತಲಾದ ಮೇಲೆ ಸೆರಗಿನಲ್ಲಿ ಮುಚ್ಚಿಕೊಂಡು ಅದೇ ಬಾಗಿಲಿಗೆ ಒಯ್ದರು. ಈ ಸಾರಿ ಬಡ್ಡಿಯು 3 ರೂಪಾಯಿ, ಕಾಗದವಿಲ್ಲ. ಹಾಗಾದರೆ ಕಾಯಿದೆಯು ಕೆಟ್ಟದ್ದೋ? ಕೆಟ್ಟದ್ದೆಂದು ನಾವು ಹೇಳಲಾರೆವು. ಕೆರೆಯ ಕೊಳೆ ನೀರನ್ನು ಹೊರಗೆ ಬಿಟ್ಟ ಮೇಲೆ ಒಳ್ಳೆಯ ನೀರು ಬರುವ ಕಾಲಿವೆಯನ್ನೂ ತೋಡಬೇಕಾಗಿತ್ತು.

ಆ ಕಾಲಿವೆಯನ್ನು ತೋಡಿದವರೂ ಇದ್ದಾರೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ರೈತರು ದಂಗೆಯೆದ್ದರು. ಅದು ಅಹಮದನಗರ ಜಿಲ್ಲೆಗೂ ಹಬ್ಬಿತು. ಅವರು ಹೆಚ್ಚಾಗಿ ಹುಡುಕಿದ್ದು ಸಾವಕಾರರ ಪ್ರಾಣವನ್ನಲ್ಲ, ಕಾಗದಗಳನ್ನು. ಸಾಲಪತ್ರಗಳನ್ನು ಸುಟ್ಟುಹಾಕಿದರು. ಸರಕಾರವು ವಿಚಾರಣೆ ನಡಿಸಿ 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆಯನ್ನು ತಂದಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಸಾಲದ ಹಿಂದಿನ ಲೆಕ್ಕವನ್ನು ತೆರಸಿ ನೋಡುವ ಅಧಿಕಾರವು ನ್ಯಾಯಾಧೀಶರಿಗೆ ಸಿಕ್ಕಿತು. 294 ಕೊಟ್ಟು 300 ಬರೆಯುವ ಜಾಣತನವು ನಮ್ಮ ಊರಿನದು ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ಕಾಗದವನ್ನು ಸುಟ್ಟರೂ, ಕೋರ್ಟಿಗೆ ಒಯ್ದರೂ, ಬಿತ್ತಿಗೆಗೆ ಬೇಕಾದ ಹಣವು ಎಲ್ಲಿಂದ ಬರಬೇಕು?

ಇದಕ್ಕೆ ಜರ್ಮನಿಯ ಒಬ್ಬ ಪ್ರಾಟೆಸ್ಟಂಟ್ ಗ್ರಾಮಾಧಿಕಾರಿಯು ಕಂಡುಹಿಡಿದ ಉಪಾಯವು ನಮ್ಮ ದೇಶದ ತನಕ ಬಂತು. ಅವನ ಹೆಸರು ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ (1818–1888). 1846–47ರ ಕ್ಷಾಮದಲ್ಲಿ ಅವನು ಊರ ಧನಿಕರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಸಿಗುವಂತೆ ಮಾಡಿದನು. ಧನಿಕರ ದಾನದಿಂದಲೇ ನಡೆಯುವ ಸಂಘವು ಅವರ ಉತ್ಸಾಹ ಇಳಿದ ಕೂಡಲೆ ಇಳಿಯುವದೆಂದು ಅವನು ವರ್ಷಗಳ ಅನುಭವದಿಂದ ಕಲಿತನು. ಆದದರಿಂದ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲ ತಕ್ಕೊಳ್ಳುವವರನ್ನೇ ಸದಸ್ಯರನ್ನಾಗಿ ಮಾಡಿ, ಒಬ್ಬರ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯೊಂದಿಗೆ ಹೊಣೆಯಾಗುವಂಥಾ ಸಂಘವನ್ನು ಕಟ್ಟಿದನು. ಒಂದೇ ಊರಿನವರಾದದರಿಂದ, ಯಾರಿಗೆ ಎತ್ತು ಸತ್ತಿದೆ, ಯಾರು ಕುಡಿಯುವದಕ್ಕೆ ಕೇಳುತ್ತಾನೆ ಎಂಬದು ಅವರಿಗೆ ಗೊತ್ತಿರುತ್ತಿತ್ತು. ಮದ್ರಾಸ್ ಸರಕಾರದ ಅಧಿಕಾರಿಯಾದ ಫ್ರೆಡರಿಕ್ ನಿಕಲ್ಸನ್ ಎಂಬವರು ಇದನ್ನು ಪರೀಕ್ಷಿಸಿ 1895–97ರಲ್ಲಿ ವರದಿ ಮಾಡಿದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. 1905ರಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಂಥಾ ಸಂಘವನ್ನು ಆರಂಭಿಸಿದರು. ದೇಶದ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಅದೇ ಮೊದಲನೆಯದೆಂದು ಲೆಕ್ಕಿಸಲ್ಪಡುತ್ತದೆ.

ವಾಚಕರು ಕೇಳಬಹುದು: ಗದಗಿನ ಪಕ್ಕದಲ್ಲಿಯೇ 1905ರಿಂದ ಇಂಥಾ ಸಂಘವಿದ್ದರೆ, 1957ರಲ್ಲಿ ನಿಮ್ಮ ತಂದೆಯವರು ಸಾವಕಾರನ ಬಳಿಗೆ ಯಾಕೆ ಹೋದರು? ನಾವೂ ಒಂದು ದಿನ ಅವರನ್ನು ಹೀಗೆಯೇ ಕೇಳಿದೆವು. ನಮ್ಮ ಊರಲ್ಲಿ ಸಂಘವಿರಲಿಲ್ಲ ಎಂದು ಅವರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, ಇದ್ದಿದ್ದರೂ ನಮ್ಮ ಓಣಿಯವರಿಗೆ ಯಾರು ಜಾಮೀನು ನಿಲ್ಲುತ್ತಿದ್ದರು ಅಂದರು. 1951–52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ಪ್ರಕಾರ, ರೈತನು ತಂದ ನೂರು ರೂಪಾಯಿಯಲ್ಲಿ ಸಹಕಾರಿ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ ಮಾತ್ರ. ಐವತ್ತು ವರ್ಷಗಳ ಪ್ರಯತ್ನದ ಮೇಲೆ ಇಷ್ಟು! ಪರಸ್ಪರ ಹೊಣೆಯೆಂಬದು ಒಳ್ಳೆಯದೇ. ಆದರೆ ಪರಸ್ಪರ ಎಂಬ ಮಾತಿನೊಳಗೆ ಯಾರು ಯಾರು ಸೇರಿದ್ದಾರೆಂಬದನ್ನು ಮೊದಲು ಕೇಳಬೇಕು.

ಸಮಾಜವಾದದ ವಿಷಯದಲ್ಲಿ ನಾವೂ ಅಣ್ಣನೂ ಮಾಡಿದ ವಾದಗಳನ್ನು ಎಲ್ಲಾ ಬರೆದರೆ ಈ ಪತ್ರಿಕೆಯ ಒಂದು ವರ್ಷದ ಪುಟಗಳು ಸಾಲವು. ಅವನು ಅಪೊಸ್ತಲರ ಕೃತ್ಯಗಳ ಪುಸ್ತಕವನ್ನು ತೆಗೆದು, ಯೆರೂಸಲೇಮಿನ ಮೊದಲನೆಯ ಸಭೆಯವರು ಹೊಲಮನೆಗಳನ್ನು ಮಾರಿ ಎಲ್ಲವನ್ನೂ ಸಾಮಾನ್ಯವಾಗಿ ಅನುಭವಿಸಿದ್ದನ್ನು ತೋರಿಸುವನು. ನಾವು ಮುಂದಿನ ಅಧ್ಯಾಯವನ್ನು ತೆಗೆದು, ಹೊಲವು ಮಾರುವದಕ್ಕಿಂತ ಮುಂಚೆ ನಿನ್ನದೇ ಆಗಿತ್ತೆಂಬ ಅಭಿಪ್ರಾಯವಾಗಿ ಪೇತ್ರನು ಅನನೀಯನಿಗೆ ಹೇಳಿದ್ದನ್ನು ತೋರಿಸುವೆವು. ಇಬ್ಬರೂ ಒಂದೇ ಪುಸ್ತಕದಿಂದ ತಮಗೆ ಬೇಕಾದ ಪುಟವನ್ನು ಓದುತ್ತಿದ್ದೆವೇ ಹೊರತು, ಒಬ್ಬನು ಇನ್ನೊಬ್ಬನ ಪುಟವನ್ನು ಓದಲಿಲ್ಲ.

ಈಗ ನಮಗೆ ತೋಚುವದು ಇದು. ಸಮಾಜವಾದವೆಂಬ ಒಂದು ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಸಂಗತಿಗಳು ನಡೆದಿವೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ಸಮಾಜವಾದಿಗಳು ಅವರ ಜೊತೆಯಲ್ಲಿ ನಿಂತರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಆ ರೈತರ ಬೇಡಿಕೆಗಳಲ್ಲಿ ಮುಖ್ಯವಾದ ಒಂದು ಯಾವದೆಂದರೆ, ಒಡೆಯರು ಗೇಣಿ ಭತ್ತವನ್ನು ಅಳೆದುಕೊಳ್ಳುವ ಕೊಳಗವು ಸರಿಯಾದ ಅಳತೆಯದಾಗಿರಬೇಕೆಂಬದು. ಇದಕ್ಕೆ ಯಾವ ಕ್ರೈಸ್ತನು ಬೇಡವೆನ್ನುವನು? ಅದೇ ಹೆಸರಿನಲ್ಲಿ ಸೋವಿಯಟ್ ದೇಶದಲ್ಲಿ ರೈತರ ಹೊಲಗಳನ್ನೂ ದನಗಳನ್ನೂ ಬಲವಂತದಿಂದ ಒಟ್ಟುಗೂಡಿಸಿ ಕಾಳನ್ನು ಎಳೆದುಕೊಂಡು ಹೋದದ್ದರಿಂದ 1932–33ರಲ್ಲಿ ಉಕ್ರೇನ್ ಮೊದಲಾದ ಸೀಮೆಗಳಲ್ಲಿ ಲಕ್ಷಾಂತರ ಜನರು ಹಸಿವೆಯಿಂದ ಸತ್ತರು. ನಾವು ಇದನ್ನು ಹೇಳಿದಾಗ ಅಣ್ಣನು ಮೊದಮೊದಲು ನಂಬಲಿಲ್ಲ. ಆ ರಾಜ್ಯವು 1991ರಲ್ಲಿ ಮುರಿದುಬಿದ್ದು ಅದರ ದಫ್ತರಗಳು ತೆರೆದ ಮೇಲೆ ನಂಬಿದನು, ಮತ್ತು ಬಹಳ ದಿನ ಮೌನವಾಗಿದ್ದನು. ನಾವೂ ಒಂದನ್ನು ಒಪ್ಪಿಕೊಳ್ಳಬೇಕಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ 1974ರ ಮಾರ್ಚ್ 1ರಿಂದ ಗೇಣಿಯು ನಿಂತು ಉಳುವವನು ಹೊಲದ ಒಡೆಯನಾಗಬಹುದೆಂದಾದಾಗ, ಇದರಿಂದ ಊರು ಕೆಡುವದೆಂದು ನಾವು ಹೇಳಿದ್ದೆವು. ಊರು ಕೆಡಲಿಲ್ಲ. ಮೂರು ತಲೆಮಾರು ಗೇಣಿಗೆ ಉತ್ತ ಒಂದು ಮನೆಯವರು ಪಟ್ಟಾ ಬಂದ ವರ್ಷವೇ ಹೊಲಕ್ಕೆ ಬದು ಹಾಕಿಸಿದರು. ಪರರ ಹೊಲಕ್ಕೆ ಯಾರು ಬದು ಹಾಕುವರು? ಆದರೆ ಗೇಣಿಯ ಹೊಲವೂ ಇಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ, ನಮ್ಮ ಸಭೆಗಳಲ್ಲಿಯೂ ಅಂಥವರು ಬಹಳ, ಆ ಕಾಯಿದೆಯಿಂದ ಹೊಲ ಸಿಗಲಿಲ್ಲವೆಂಬದನ್ನೂ ಹೇಳಬೇಕು.

ನಾವು ಕೆಲಸದಿಂದ ನಿವೃತ್ತರಾದ ಮೇಲೆ ಊರಿನ ಸೊಸೈಟಿಯ ಆಡಳಿತ ಮಂಡಲಿಯಲ್ಲಿ ಕೆಲವು ವರ್ಷ ಇದ್ದೆವು. ಕಂತು ಕಟ್ಟದವರ ಹೆಸರುಗಳನ್ನು ವಾರ್ಷಿಕ ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಒಂದು ವರ್ಷ ನಾವೇ ಸೂಚಿಸಿ, ನಾವೇ ಓದಿದೆವು. ವಸೂಲಿಯು ಹೆಚ್ಚಿತು. ಅದರಲ್ಲಿ ಒಬ್ಬನು, ಮಗಳ ಬೇನೆಗೆ ಹಣ ಹಾಕಿ ಕಂತು ತಪ್ಪಿಸಿಕೊಂಡವನು, ಆ ದಿನದಿಂದ ಸೊಸೈಟಿಯ ಮೆಟ್ಟಲು ಹತ್ತಲಿಲ್ಲ. ಪಟ್ಟಣದಿಂದ ಮೋಟರ್ ಸೈಕಲ್ಲಿನ ಮೇಲೆ ಬರುವ ಲೇವಾದೇವಿಯವರಲ್ಲಿ ಸಾಲ ಮಾಡಿ ನಮ್ಮ ಬಾಕಿಯನ್ನು ಪೂರಾ ಕಟ್ಟಿಸಿದನು. ನಮ್ಮ ಲೆಕ್ಕದಲ್ಲಿ ಅದು ವಸೂಲಿ ಎಂದೇ ಬರೆಯಲ್ಪಟ್ಟಿತು. ನೆಹೆಮೀಯನು ಯೆರೂಸಲೇಮಿನ ಶ್ರೀಮಂತರನ್ನು ಗದರಿಸಿ, ಒತ್ತೆ ಹಿಡಿದ ಹೊಲಗಳನ್ನೂ ದ್ರಾಕ್ಷೇತೋಟಗಳನ್ನೂ ತಿರಿಗಿ ಕೊಡಿಸಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ತಾನೂ ತನ್ನ ಬಂಧುಗಳೂ ಜನರಿಗೆ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟವರೇ ಎಂದು ಅವನು ಅದೇ ಮಾತಿನಲ್ಲಿ ಹೇಳಿಕೊಂಡದ್ದನ್ನು ನಾವು ಗಮನಿಸಿದ್ದು ಆ ವರ್ಷದಲ್ಲಿಯೇ.

ಈಗಿನ ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳಿಗೆ ಸಣ್ಣ ಸಾಲ ಕೊಡುವ ಕಂಪನಿಗಳು ಬಂದಿವೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ನೋಡುವದಕ್ಕೆ ಇದು ರೈಫೈಸನನ ಉಪಾಯವೇ. ಆದರೆ ಅವನ ಸಂಘದಲ್ಲಿ ಹಣದ ವಿಚಾರವನ್ನು ಊರವರೇ ಮಾಡುತ್ತಿದ್ದರು, ಲಾಭವು ಊರಲ್ಲಿಯೇ ಉಳಿಯುತ್ತಿತ್ತು. ಇಲ್ಲಿ ಹೊಣೆಯು ಮಾತ್ರ ಊರಿನದು, ಉಳಿದದ್ದು ಬೇರೆಯವರದು. ಅದರಿಂದಲೇ ನೆರೆಮನೆಯವಳು ಸಹಾಯಕ್ಕೆ ಬರಬೇಕಾದ ವಾರದಲ್ಲಿ ವಸೂಲಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ವಸೂಲಿಯ ಕಾಟದಿಂದ ಜನರು ಊರು ಬಿಟ್ಟುಹೋದ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದ ಮೇಲೆ ಕರ್ನಾಟಕ ಸರಕಾರವು 2025ರ ಫೆಬ್ರುವರಿಯಲ್ಲಿ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕಟ್ಟೆಯ ಮೇಲೆ ನಮ್ಮನ್ನು ಪ್ರಶ್ನೆ ಮಾಡಿದ ಆ ಯೌವನಸ್ಥನ ತಾಯಿಗೂ ಇಂಥಾ ಎರಡು ಗುಂಪುಗಳ ಸಾಲವಿದೆಯೆಂದು ನಮಗೆ ಆಮೇಲೆ ತಿಳಿಯಿತು. ಅವನು ಕೇಳಿದ್ದು ಐಶ್ವರ್ಯದ ವಿಷಯವನ್ನಲ್ಲ, ತನ್ನ ಅವ್ವನ ವಿಷಯವನ್ನು. ನಾವು ಅವನಿಗೆ ಹಾಸಿಗೆಯ ಮಾತನ್ನು ಹೇಳಿ ಎದ್ದು ಬಂದಿದ್ದೆವು. ಮರುವಾರ ಅವನ ಮನೆಗೆ ಹೋದೆವು. ತಾಯಿಯ ಎರಡು ಪುಸ್ತಕಗಳನ್ನು ತರಿಸಿ, ಅಸಲೆಷ್ಟು, ಬಡ್ಡಿಯೆಷ್ಟು, ಇನ್ನು ಎಷ್ಟು ವಾರ ಎಂದು ಮೂವರೂ ಕೂತು ಲೆಕ್ಕ ಮಾಡಿದೆವು. ಒಂದು ಸಾಲವನ್ನು ಸೊಸೈಟಿಯ ಕಡಿಮೆ ಬಡ್ಡಿಗೆ ಬದಲಾಯಿಸಲು ಅರ್ಜಿ ಬರೆದೆವು. ಜಾಮೀನಿನ ಸ್ಥಳದಲ್ಲಿ ನಮ್ಮ ಸಹಿ ಇದೆ. ಇದು ನಮ್ಮ ಜನ್ಮದಲ್ಲಿ ಮೊದಲನೆಯದು. ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲವೆಂಬದನ್ನು ಮರೆಮಾಡುವದಿಲ್ಲ.

ಅಣ್ಣನು ನಮ್ಮಿಂದ ತಕ್ಕೊಂಡ ಹಣವನ್ನು 1977ರಲ್ಲಿ ತಿರಿಗಿ ತಂದನು. ನೋಟುಗಳನ್ನು ಮೇಜಿನ ಮೇಲೆ ಎಣಿಸಿ ಇಟ್ಟು, ಬಡ್ಡಿ ಎಷ್ಟು ಕಟ್ಟಿದ್ದೀ ತಮ್ಮಾ ಎಂದು ಕೇಳಿದನು. ಅವನ ಮುಖದಲ್ಲಿ ಹಾಸ್ಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಡ್ಡಿ ಇಲ್ಲವೆಂದೆವು. ಕಾಗದವನ್ನು ಹುಡುಕಿದೆವು, ಆ ದಿನ ಸಿಕ್ಕಲಿಲ್ಲ, ಸಿಕ್ಕಿದಾಗ ಕೊಡುತ್ತೇವೆಂದೆವು. ಹನ್ನೆರಡು ವರ್ಷಗಳ ಮೇಲೆ ಹಳೇ ಭೂಗೋಲ ಪುಸ್ತಕದ ರಟ್ಟಿನಲ್ಲಿ ಅದು ಸಿಕ್ಕಿತು. ಕೊಡಲಿಕ್ಕೆ ನಾಚಿಕೆಯಾಗಿ, ಹರಿಯಲಿಕ್ಕೂ ಮನಸ್ಸಾಗದೆ, ಮಡಿಕೆಯನ್ನು ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟೆವು.

ಈ ಲೇಖನವನ್ನು ಬರೆಯಲೋ ಬೇಡವೋ ಎಂದು ಅಣ್ಣನನ್ನೇ ಕೇಳಿದೆವು. ಅವನಿಗೆ ಈಗ ಕಣ್ಣು ಮಂದವಾಗಿದೆ. ನಾವು ಬರೆದದ್ದನ್ನು ಓದಿಸಿ ಕೇಳಿದನು. ಜೀತದ ವಿಷಯಕ್ಕೂ ಉಕ್ರೇನಿನ ವಿಷಯಕ್ಕೂ ಏನೂ ಅನ್ನಲಿಲ್ಲ. ಕೈಗಡದ ಸ್ಥಳಕ್ಕೆ ಬಂದಾಗ ಕೈ ಎತ್ತಿ ತಡೆದನು.

"600 ಅಲ್ಲವೋ, 650. ಲೆಕ್ಕ ಸರಿಯಾಗಿ ಬರೆ," ಅಂದನು.

ಮನೆಗೆ ಬಂದು ಪೆಟ್ಟಿಗೆಯಿಂದ ಕಾಗದವನ್ನು ತೆಗೆದು ಬಿಚ್ಚಿ ನೋಡಿದೆವು. 650 ಎಂದೇ ಇತ್ತು.